ಚೆನ್ನಿ ಸುಮ್ಮನೆ ನೀರು ಕುಡಿಯುತ್ತಿರಲಿಲ್ಲ

ಬೆಳಗ್ಗೆ ಬಸವಲಿಂಗಮ್ಮ ಅತ್ತೆಯ ಕೌದಿ ಮುಟ್ಟಿ ನೋಡಿದಳು. ಕೌದಿ ಮತ್ತೆ ಒದ್ದೆ.

ಎರಡನೇ ಮಹಾಯುದ್ಧದ ಕಾಲ ಅದು. ಹೊಳೆನರಸೀಪುರದ ಅಂಗಡಿಗಳಲ್ಲಿ ಸೋಪು ಸಿಗುತ್ತಿರಲಿಲ್ಲ, ಹೊಸ ಬಟ್ಟೆಯಂತೂ ಕೇಳುವುದೇ ಬೇಡ. ಸೀಗೆಪುಡಿ ಹಾಕಿ ಉಜ್ಜಿ, ಹೇಮಾವತಿಯಲ್ಲಿ ಜಾಲಿಸಿ, ನೀರು ಕುಡಿದು ಭಾರವಾದ ಕೌದಿಯನ್ನು ಹೆಗಲ ಮೇಲೆ ಹೊತ್ತು ತರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು.

"ಒಂದು ಕೂಗು ಹಾಕಿದ್ರೆ ನಾನು ಬತ್ತಿರ್ಲಿಲ್ವಾ ಅತ್ತೆ?" ಎಂದಳು. "ಇನ್ನು ನನ್ನ ಕೈಲಾಗಾಕಿಲ್ಲ."

ಅತ್ತೆ ದಾಕ್ಷಾಯಣಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಕಾಲಿನ ಸ್ವಾಧೀನ ತಪ್ಪಿ ಅವರು ಹಾಸಿಗೆ ಹಿಡಿದಿದ್ದರು. ಅವರ ಮಗ್ಗುಲಲ್ಲಿ ಚೆನ್ನಿ ಮುದುಡಿ ಮಲಗಿತ್ತು.

ಚೆನ್ನಿ ಮನೆಯ ಬೆಕ್ಕು. ಮರಿಯಾಗಿದ್ದಾಗ ಗಾಡಿ ಚಕ್ರಕ್ಕೆ ಸಿಕ್ಕಿ ಹಿಂಗಾಲು ಮುರಿದುಕೊಂಡಿತ್ತು. ಅಂದಿನಿಂದ ಹೊಸಿಲು ದಾಟಿದ್ದಿಲ್ಲ. ಬಸವಲಿಂಗಮ್ಮನ ಮಗಳು ತೊಟ್ಟಿಲಲ್ಲಿದ್ದಾಗ ಬಂದದ್ದು. ಈಗ ಆ ಮಗಳು ಅರಕಲಗೂಡಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲು ಓದುತ್ತಿದ್ದಳು. ಬೆಕ್ಕಿನ ಲೆಕ್ಕದಲ್ಲಿ ಚೆನ್ನಿ ಅಜ್ಜಿಯೇ ಆಗಿತ್ತು.

ಒಂದು ಮಧ್ಯಾಹ್ನ ಅತ್ತೆಗೆ ಗಂಜಿ ತಂದ ಬಸವಲಿಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಚೆನ್ನಿ ಕೌದಿಯ ಅಂಚಿನಲ್ಲಿ ಕುಕ್ಕರಿಸಿತ್ತು. ಕೌದಿ ನೆನೆಯುತ್ತಿತ್ತು. ಅವಳು ಪೊರಕೆ ಎತ್ತಿದಳು.

"ಹೊಡೀಬ್ಯಾಡ ಕಣೆ! ಅದಲ್ಲ, ನಾನೇ ಮಾಡ್ಕೊಂಡಿದ್ದು!" ಎಂದು ಅತ್ತೆ ಕೂಗಿದರು.

"ಕಣ್ಣಾರೆ ಕಂಡೆ ಅತ್ತೆ."

ಮುದುಕಿ ಅತ್ತುಬಿಟ್ಟರು. "ನಿಂಗೆ ಗೊತ್ತಾದ್ರೆ ಚೆನ್ನೀನ ಹೊಳೆ ಆಚೆ ಬಿಡಿಸ್ಬುಡ್ತೀಯ ಅಂತ ಸುಮ್ಕಿದ್ದೆ. ನಾನು ಬೈಸ್ಕೊಂಡ್ರೆ ಏನೋಯ್ತು?"

ಬಸವಲಿಂಗಮ್ಮ ಪೊರಕೆಯನ್ನು ಮೂಲೆಗಿಟ್ಟಳು. ಇಷ್ಟು ದಿನ ಬೈದದ್ದೆಲ್ಲ ನೆನಪಾಯಿತು. ಆದರೂ ದಣಿವು ದಣಿವೇ. ಒಗೆಯುವವಳು ಅವಳೊಬ್ಬಳೇ. ಚೆನ್ನಿ ನೀರು ಕುಡಿದರೆ ತಾನೇ ಈ ಪಾಡು ಎಂದುಕೊಂಡು ಬಚ್ಚಲ ಹಂಡೆ ಮುಚ್ಚಿದಳು, ಕೊಡ ಮುಚ್ಚಿದಳು, ಅತ್ತೆಯ ತಲೆದೆಸೆಯ ಚೊಂಬಿಗೂ ತಟ್ಟೆ ಮುಚ್ಚಿದಳು.

"ನೀರು ಮುಚ್ಬ್ಯಾಡ ಕಣೆ. ಯಾಕೋ ಅದಕ್ಕೆ ದಾಹ ಜಾಸ್ತಿಯಾಗದೆ."

"ದಾಹ ಅಲ್ಲ ಅತ್ತೆ, ಕೊಬ್ಬು."

ಮರುದಿನ ಚೆನ್ನಿ ಮಂಚದ ಕೆಳಗೆ ಸೇರಿಕೊಂಡದ್ದು ಹೊರಗೇ ಬರಲಿಲ್ಲ. ಕರೆದರೆ ಕಿವಿಯನ್ನೂ ಆಡಿಸಲಿಲ್ಲ.

ಮಜ್ಜಿಗೆಗೆಂದು ಬಂದ ಪಕ್ಕದ ಮನೆ ಹೊನ್ನಕ್ಕ ಬಗ್ಗಿ ನೋಡಿದಳು. "ಇದು ಕೊಬ್ಬಲ್ಲ ಕಣವ್ವಾ, ಕಾಯ್ಲೆ. ನಮ್ಮ ಎತ್ತು ನೋಡಿದ್ರಲ್ಲ ದನದ ಡಾಕ್ಟ್ರು, ಅವ್ರತ್ರ ತಕ್ಕೊಂಡೋಗಾನ ನಡಿ."

"ಎತ್ತಿಗೆ ಡಾಕ್ಟ್ರು ಸರಿ. ಬೆಕ್ಕಿಗೂ ಡಾಕ್ಟ್ರಾ? ಊರೋರು ನಗಾಕಿಲ್ವಾ? ಮುದಿ ಆದ್ಮೇಲೆ ಎಲ್ಲಾ ಇಂಗೇಯ."

"ಮುಪ್ಪು ಬ್ಯಾರೆ, ಕಾಯ್ಲೆ ಬ್ಯಾರೆ ಕಣವ್ವಾ. ಮುಪ್ಪು ಅಂದ್ಕೊಂಡೇ ನಾನು ಒಂದು ಬೆಕ್ಕು ಕಳ್ಕೊಂಡೆ."

ಆಗ ಹಾಸಿಗೆಯಿಂದ ದಾಕ್ಷಾಯಣಮ್ಮನ ದನಿ ಬಂತು. "ನಂಗೂ ವಯಸ್ಸಾಗದೆ. ನೋವಾದ್ರೆ ಬಾಯ್ಬಿಟ್ಟು ಹೇಳ್ತೀನಿ. ಅದು ಏನಂತ ಹೇಳೀತು? ಮೊದ್ಲು ನನ್ನ ಎದೆ ಮ್ಯಾಲೆ ಮಲಗಿದ್ರೆ ಉಸಿರು ಕಟ್ಟೋದು, ಅಷ್ಟು ಭಾರ. ಈಗ ಹತ್ತಿ ಇದ್ದಂಗದೆ. ಬೆನ್ನು ಸವರಿದ್ರೆ ಮೂಳೆ ಚುಚ್ತದೆ. ಮೈ ನೆಕ್ಕೋದು ಬಿಟ್ಟದೆ, ಕೂದಲು ಗಂಟು ಕಟ್ಟದೆ. ಅನ್ನ ಕಂಡ್ರೆ ಓಡ್ಬತ್ತದೆ, ಒಂದು ತುತ್ತು ಬಾಯಿಗಿಟ್ಟು ಕಿರುಚಿ ಬಿಟ್ಬುಡ್ತದೆ. ಬಾಯಿ ಹತ್ರ ಮೂಗಿಡಾಕಾಗಲ್ಲ, ಅಷ್ಟು ನಾತ. ಶಿವರಾತ್ರಿ ಆದಾಗಿಂದ್ಲೂ ಹೇಳ್ತಾನೇ ಇವ್ನಿ. ನೀವ್ಯಾರು ಕಿವಿಗಾಕ್ಕೊಂಡ್ರಿ?"

ಹೌದು, ಅತ್ತೆ ಹೇಳಿದ್ದರು. ಬಸವಲಿಂಗಮ್ಮ ನೆಲ ಒರೆಸುತ್ತಾ, ಗಂಜಿ ಕಲಸುತ್ತಾ 'ಹೂಂ' ಅಂದಿದ್ದಳು, ಅಷ್ಟೇ. ಅವಳು ಕೊಬ್ಬರಿ ತುಂಬುವ ಕುಕ್ಕೆಯಲ್ಲಿ ಹಳೇ ಸೀರೆ ಹಾಸಿ ಚೆನ್ನಿಯನ್ನು ಎತ್ತಿ ಮಲಗಿಸಿದಳು. ಹೊತ್ತರೆ ಕುಕ್ಕೆಯದೇ ಭಾರ, ಬೆಕ್ಕಿನದಲ್ಲ.

ದನದ ಆಸ್ಪತ್ರೆಯ ಅಂಗಳದಲ್ಲಿ ಎತ್ತು ಹಿಡಿದು ನಿಂತಿದ್ದವರು ನಕ್ಕರು. "ಏನವ್ವಾ, ನಾಳೆ ಇಲೀನೂ ತತ್ತೀಯೇನು?" ಅಂದ ಒಬ್ಬ. ಬಸವಲಿಂಗಮ್ಮ ಸೆರಗು ಎಳೆದುಕೊಂಡು ನೆಲ ನೋಡುತ್ತಾ ನಿಂತಳು.

ಡಾಕ್ಟರ್ ರುದ್ರಯ್ಯ ನಗಲಿಲ್ಲ. ಚನ್ನರಾಯಪಟ್ಟಣದ ಕಡೆ ದನಗಳಿಗೆ ಜಾಡ್ಯವೆಂದು ಊರೂರು ಅಲೆದು ಬಂದಿದ್ದರು, ಕಣ್ಣು ಕೆಂಪಗಾಗಿತ್ತು. ಆದರೂ ಸ್ಟೂಲು ಎಳೆದುಕೊಂಡು ಕೂತು, "ಎಲ್ಲಾ ಮೊದಲಿಂದ ಹೇಳಿ" ಎಂದರು. ಅತ್ತೆ ಹೇಳಿದ್ದನ್ನು ಅವಳು ಒಂದೂ ಬಿಡದೆ ಹೇಳಿದಳು.

ಡಾಕ್ಟರು ಬೆಕ್ಕಿನ ಹೆಗಲ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರು. ಚರ್ಮ ಹಾಗೇ ನಿಂತಿತು. "ನೀರು ಕೊಡ್ತಿಲ್ವಾ?"

"ಮುಚ್ಚಿಟ್ಟಿದ್ದೆ ಸಾ. ಕೌದಿ ಒಗೆದೂ ಒಗೆದೂ ಸಾಕಾಗಿತ್ತು."

"ಇದರ ಮೂತ್ರಪಿಂಡ ಸೋತಿದೆ ತಾಯಿ. ಎಷ್ಟು ಕುಡಿದರೂ ಮೈಯಲ್ಲಿ ನೀರು ನಿಲ್ಲಲ್ಲ. ಅದಕ್ಕೇ ಕುಡಿಯುತ್ತೆ, ಅದಕ್ಕೇ ತಡಕೊಳ್ಳೋಕಾಗಲ್ಲ. ನೀರು ತಪ್ಪಿಸಿದರೆ ಜೀವಾನೇ ತಪ್ಪಿಸಿದ ಹಾಗೆ." ಬಾಯಿ ತೆರೆದು ತೋರಿಸಿದರು. ಒಸಡು ಊದಿ, ಒಂದು ಹಲ್ಲು ಕೊಳೆತು ಅಲ್ಲಾಡುತ್ತಿತ್ತು. "ಈ ನೋವಿಟ್ಟುಕೊಂಡು ಅನ್ನ ಹೇಗೆ ತಿನ್ನುತ್ತೆ? ಬೆಕ್ಕು ನೋವನ್ನ ಬಚ್ಚಿಡೋ ಪ್ರಾಣಿ. ಅದು ನರಳೋ ಹೊತ್ತಿಗೆ ಕಾಯ್ಲೆ ಬಹಳ ದೂರ ಹೋಗಿರುತ್ತೆ."

"ಯಜಮಾನ್ರ ತಲೆನೋವಿನ ಮಾತ್ರೆ ಒಂಚೂರು ಅರೆದು ಕೊಡ್ಲಾ ಸಾ?"

"ಕೊಟ್ಟೀರಿ! ನಮ್ಮ ಮಾತ್ರೆ ಬೆಕ್ಕಿಗೆ ವಿಷ."

"ಉಳೀತದಾ?"

"ಸೋತ ಮೂತ್ರಪಿಂಡಕ್ಕೆ ಹೊಸ ಶಕ್ತಿ ತುಂಬೋ ಔಷಧಿ ನನ್ನ ಹತ್ರ ಇಲ್ಲ. ಇರೋಷ್ಟು ದಿನ ನೋವಿಲ್ಲದೆ ಇರೋ ಹಾಗೆ ಮಾಡಬಹುದು. ಮೊದಲೇ ತಂದಿದ್ದರೆ ಇನ್ನೂ ಅನುಕೂಲ ಆಗ್ತಿತ್ತು."

ಹಲ್ಲು ಕಿತ್ತರು. ಚರ್ಮದ ಕೆಳಗೆ ಉಪ್ಪುನೀರು ಏರಿಸಿದರು.

ಸಂಜೆ ಕೊಬ್ಬರಿ ಮಂಡಿಯಿಂದ ಬಂದ ಗಂಡ ಪಂಚಾಕ್ಷರಯ್ಯ ಗೊಣಗಿದರು. "ದನದಾಸ್ಪತ್ರೆಗೆ ಬೆಕ್ಕು ಹೊತ್ಕೊಂಡೋಗಿದ್ಯಂತಲ್ಲ, ಪ್ಯಾಟೆಯೆಲ್ಲಾ ಅದೇ ಮಾತು!"

ಬಸವಲಿಂಗಮ್ಮನಿಗೆ ಜಗಳಾಡಲು ತ್ರಾಣವಿರಲಿಲ್ಲ. "ನಿಮ್ಮವ್ವ ಅದರ ತಪ್ಪು ತಾವು ಹೊತ್ಕೊಂಡು ದಿನಾ ನನ್ನ ಕೈಲಿ ಬೈಸ್ಕೊಂಡವ್ರೆ" ಎಂದಳು. ಪಂಚಾಕ್ಷರಯ್ಯ ತಾಯಿಯ ಮುಖ ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ಸೀಮೆಎಣ್ಣೆ ಡಬ್ಬವೊಂದನ್ನು ಅಡ್ಡ ಕತ್ತರಿಸಿ, ಅಂಚು ಬಡಿದು, ಹೊಳೆಮರಳು ತುಂಬಿ ಮಂಚದ ಪಕ್ಕದಲ್ಲೇ ಇಟ್ಟರು. ಉಚ್ಚೆ ಹೊಯ್ಯಲು ಚೆನ್ನಿಗೆ ಕುಂಟು ಕಾಲಲ್ಲಿ ಬಚ್ಚಲಿನವರೆಗೆ ನಡೆಯುವ ಕಷ್ಟ ತಪ್ಪಿತು. ಎರಡು ಕಡೆ ಬೋಗುಣಿಯಲ್ಲಿ ನೀರಿಟ್ಟರು. ಮೆತ್ತಗೆ ಬೇಯಿಸಿದ ಮೀನು ಕೊಡಿ ಎಂದು ಡಾಕ್ಟರು ಹೇಳಿದ್ದರು, ಆದರೆ ಮೀನು ಬೇಯಿಸುವ ಮನೆ ಅವರದಲ್ಲ. ಹೊನ್ನಕ್ಕ ತನ್ನ ಮನೆಯಲ್ಲೇ ಬೇಯಿಸಿ, ಮುಳ್ಳು ತೆಗೆದು ಹಿಸುಕಿ, ಹಿತ್ತಲ ಬಾಗಿಲಿಗೆ ತಂದು ತಿನ್ನಿಸುತ್ತಿದ್ದಳು. ಪಂಚಾಕ್ಷರಯ್ಯ ಕಂಡೂ ಕಾಣದಂತೆ ಇದ್ದರು.

ಚೆನ್ನಿ ದಪ್ಪಗಾಗಲಿಲ್ಲ. ಆದರೆ ಮತ್ತೆ ಮೈ ನೆಕ್ಕಿಕೊಂಡಿತು, ಅತ್ತೆಯ ಎದೆ ಮೇಲೆ ಹತ್ತಿ ಗುರುಗುಟ್ಟಿತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ದಾಕ್ಷಾಯಣಮ್ಮನ ಅಂಗೈ ಕೆಳಗೇ, ನರಳದೆ ಉಸಿರು ಬಿಟ್ಟಿತು.

ಬಸವಲಿಂಗಮ್ಮನ ಕೆಲಸವೇನೂ ಕಮ್ಮಿಯಾಗಲಿಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಅತ್ತೆಯ ಪಕ್ಕ ಕೂರತೊಡಗಿದಳು. ಅತ್ತೆ ಹೇಳುವುದನ್ನು ಕೈ ಕಟ್ಟಿಕೊಂಡು ಪೂರ್ತಿ ಕೇಳುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯೊಳಗೂ ಒಂದು ಮುದಿ ಬೆಕ್ಕು ಇರಬಹುದು. ದಿನಕ್ಕೊಮ್ಮೆ ಅದರ ಬೆನ್ನು ಸವರಿ. ಮೂಳೆ ಕೈಗೆ ತಾಗುತ್ತಿದೆಯೇ? ನೀರು ಹೆಚ್ಚು ಕುಡಿಯುತ್ತಿದೆಯೇ? ಕಂಡಲ್ಲಿ ಉಚ್ಚೆ ಹೊಯ್ಯುತ್ತಿದ್ದರೆ, ಅಥವಾ ತಿಣುಕಿದರೂ ಬರದಿದ್ದರೆ, ಅದು ಹಟವಲ್ಲ. ತಿನ್ನಲು ಬಂದು ತುತ್ತು ಬಿಟ್ಟರೆ, ಬಾಯಿ ನಾರಿದರೆ, ಮೈ ನೆಕ್ಕುವುದು ನಿಲ್ಲಿಸಿ ಮೂಲೆ ಸೇರಿದರೆ, ವಯಸ್ಸಾಯಿತು ಎಂದು ಕೈಬಿಡಬೇಡಿ. ನೀರು ಮುಚ್ಚಬೇಡಿ. ನಿಮ್ಮ ಮಾತ್ರೆ ಕೊಡಬೇಡಿ. ಉಚ್ಚೆ ಕಟ್ಟಿದ್ದರೆ ಆ ಗಳಿಗೆಯೇ ಹೊರಡಿ. ಉಳಿದದ್ದು ಕಂಡರೂ ನಾಳೆ ನಾಡಿದ್ದು ಎನ್ನದೆ ಪಶುವೈದ್ಯರ ಬಳಿ ಒಯ್ಯಿರಿ. ದಾರಿಯಲ್ಲಿ ಯಾರಾದರೂ ನಕ್ಕರೆ ನಗಲಿ, ನೀವು ನಡೆಯಿರಿ.