ಮಂಜುಗಡ್ಡೆ ಕರಗುವ ತನಕ

ಲೋಟದ ಅಂಚಿನಲ್ಲಿ ನೀರು ಉಬ್ಬಿ ನಿಂತಿದೆ, ಇನ್ನೊಂದು ಹನಿ ಬಿದ್ದರೆ ಚೆಲ್ಲೀತು, ನಡುವೆ ಮಂಜುಗಡ್ಡೆ ತಲೆ ಎತ್ತಿಕೊಂಡು ತೇಲುತ್ತಿದೆ — ಇದು ಕರಗಿದ ಮೇಲೆ ನೀರು ಚೆಲ್ಲುತ್ತಾ, ಎಂದು ತರಗತಿಯನ್ನು ಕೇಳಿಯಾಯಿತು, ಈಗ ನಾನು ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೇ, ಕಳೆದ ವಾರ ಶಿಕ್ಷಕರ ತರಬೇತಿಯಲ್ಲಿ ಕಲಿತದ್ದೂ ಅಷ್ಟೇ, ಪ್ರಶ್ನೆ ಕೇಳಿ ಸುಮ್ನಿರಿ ನೋಡೋಣ ಮೇಡಂ, ಎಂದಿದ್ದಳು ತರಬೇತಿ ಕೊಡುವ ಹುಡುಗಿ, ನನ್ನ ಮಗಳ ವಯಸ್ಸು, ನಮಗೆ ಪಾಠ ಹೇಳಲು ಬಂದಿದ್ದಾಳಲ್ಲ ಎಂದು ಹಿಂದಿನ ಸಾಲಿನಲ್ಲಿ ಕಣ್ಣು ಮಿಟುಕಿಸಿಕೊಂಡಿದ್ದೆವು, ಅವಳೋ ಬೋರ್ಡಿನ ಮುಂದೆ ನಿಂತು ತಣ್ಣಗೆ, ಮಂಜುಗಡ್ಡೇದು ನೀರಿಗಿಂತ ಕಡಿಮೆ ಇರೋದು ಏನು, ಸಾಂದ್ರ... ಎಂದು ಎಳೆದಳು, ತೆ! ಎಂದು ಕೂಗಿಬಿಟ್ಟೆವು, ತಲೆ ನರೆತ ಮೇಷ್ಟ್ರು ಮೇಡಂಗಳೆಲ್ಲ ಒಂದೇ ಉಸಿರಿಗೆ, ಕೂಗಿದ ಮೇಲೆ ನಾಚಿಕೆ, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗು, ಆ ನಗು ಮನೆಗೆ ಬಂದ ಮೇಲೆ ಚುಚ್ಚತೊಡಗಿತು — ಹಾಗಾದರೆ ಇಷ್ಟು ವರ್ಷ ನಾನು ಅರ್ಧ ಹೇಳಿ ಎಳೆದಾಗಲೆಲ್ಲ ನನ್ನ ತರಗತಿಯ ಮಕ್ಕಳು ಕೂಗಿದ್ದು ಉತ್ತರವಾ, ಬರೀ ಪದದ ಬಾಲವಾ? ಭಯವಾಗುತ್ತಿದೆ, ಆದರೂ ಇವತ್ತು ತಿಳಿಯಲೇಬೇಕು.

ಮೊದಲ ಬೆಂಚಿನ ರೇಡಿಯೋ, ಎಲ್ಲರಿಗಿಂತ ಮೊದಲು ಕೂಗುತ್ತಾನೆಂದೇ ಆ ಹೆಸರು, ಬಾಯಿ ತೆರೆದು ನನ್ನ ತುಟಿಯನ್ನೇ ನೋಡುತ್ತಿದ್ದಾನೆ, ನಾನು ಅರ್ಧ ಎಸೆದರೆ ಉಳಿದರ್ಧ ಹಿಡಿಯಲು, ಎಸೆಯುವುದಿಲ್ಲ ಕಣೋ, ನಾಲಿಗೆ ತುರಿಸುತ್ತಿದೆ, ಆದರೂ ಇಲ್ಲ, ಕಾರಿಡಾರಿನಲ್ಲಿ ಹೆಡ್‌ಮಾಸ್ಟರ ಬೂಟಿನ ಸದ್ದು, ನಿಂತಿತು, ಏನ್ ಮೇಡಂ ಇಷ್ಟು ನಿಶ್ಶಬ್ದ, ತರಬೇತಿಗೆ ಹೋಗಿ ಇದ್ದದ್ದೂ ಮರೆತು ಬಂದ್ರಾ, ಇಲ್ಲ ಸಾರ್, ಕಾಯ್ತಿದೀವಿ, ಏನಕ್ಕೆ? ಗೊತ್ತಿಲ್ಲ ಸಾರ್ — ಅವರೂ ಬಾಗಿಲಲ್ಲೇ ನಿಂತರು, ಅವರು ಪಾಠ ಮಾಡುವುದು ಇತಿಹಾಸ, ಚೆಲ್ಲತ್ತೆ ಅಂತ ಕಾಣತ್ತೆ, ಎಂದು ಗೊಣಗಿದರು, ಮಕ್ಕಳು ಕಿಸಕ್ಕನೆ ನಕ್ಕರು, ಮಂಜುಗಡ್ಡೆ ಗೋಲಿಯಷ್ಟಾಯಿತು, ಕಾಳಿನಷ್ಟಾಯಿತು, ಇಲ್ಲವಾಯಿತು, ನೀರು ಅಂಚಿನಲ್ಲೇ, ಚೆಲ್ಲಲಿಲ್ಲ, ಯಾಕೆ ಎಂದು ಯಾರೂ ಹೇಳುತ್ತಿಲ್ಲ, ಸೋತೆನಾ, ಹೇಳಿಬಿಡಲಾ, ಸಾಂ ಎಂದರೆ ಸಾಕು — ಮಿಸ್, ಕಿಟಕಿ ಪಕ್ಕದವಳು, ಹಾಜರಿ ಕೂಗಿದಾಗ ಬಿಟ್ಟರೆ ದನಿಯೇ ತೆಗೆಯದವಳು, ಮಿಸ್, ಲೋಟದಲ್ಲಿ ಉಪ್ಪುನೀರಿದ್ದಿದ್ರೆ? ಆಗ್ಲೂ ಚೆಲ್ತಿರ್ಲಿಲ್ವಾ? ಉಪ್ಪುನೀರು, ಉಪ್ಪುನೀರಾದರೆ, ನಮ್ಮ ಪುಸ್ತಕದಲ್ಲಿಲ್ಲ, ತರಬೇತಿಯಲ್ಲೂ ಯಾರೂ ಕೇಳಲಿಲ್ಲ, ಆಗ ನೀರಿನ ಮಟ್ಟ... ಎಂದು ಎಳೆದೆ, ಹಳೇ ಚಾಳಿ, ರೇಡಿಯೋ ನನ್ನ ತುಟಿ ನೋಡಿದ, ಹೆಡ್‌ಮಾಸ್ಟರೂ ನೋಡಿದರು, ನಾನು ಲೋಟ ನೋಡಿದೆ, ಬಾಲ ಯಾರ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ, ಎಷ್ಟು ಖುಷಿಯಾಗುತ್ತಿದೆ ನನಗೆ, ಅಂಚಿನಲ್ಲಿ ಉಬ್ಬಿ ನಿಂತ ನೀರು, ಅಂಚಿನಲ್ಲಿ ನೀರು