ತಕ್ಕಡಿಗೆ ಕೊಟ್ಟ ದನಿ

ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಒರೆಸಿ ಮರದ ಪೆಟ್ಟಿಗೆಯ ಗುಳಿಗಳಲ್ಲಿ ಕೂರಿಸುತ್ತಿದ್ದೆ. ಬೆರಳಿನ ಜಿಡ್ಡು ಮೆತ್ತಿದರೆ ತೂಕ ಕೂದಲೆಳೆಯಷ್ಟು ಹೆಚ್ಚುತ್ತದಂತೆ. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡುತ್ತಿದ್ದಳು. ಅವಳು ಟೈಪ್ ಮಾಡುವಾಗ ನಮ್ಮ ಮನೆಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಭಾವನಿಗೆ ಸೀನು ಬಂದರೆ ಮೂಗು ಹಿಡಿದುಕೊಂಡು ಮೆಟ್ಟಿಲ ಕಡೆ ಓಡುತ್ತಾರೆ. ನನಗೇನೂ ಕಷ್ಟವಿಲ್ಲ. ಅಕ್ಕ ಟೈಪ್ ಮಾಡದಿದ್ದಾಗಲೂ ನಾನು ಮಾತಾಡುವುದು ಅಷ್ಟಕ್ಕಷ್ಟೇ. ಭಾವ ನನಗೆ ಇಟ್ಟಿರುವ ಹೆಸರೇ ಮ್ಯೂಟು.

ನಾವು ಮಾಡುವುದು ಮಾತಾಡುವ ತಕ್ಕಡಿ. ಕಣ್ಣು ಕಾಣದವರು ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದು. ತಟ್ಟೆಯ ಮೇಲೆ ಇಟ್ಟದ್ದು ಎಷ್ಟು ಗ್ರಾಂ ಎಂದು ಅದೇ ಬಾಯಿಬಿಟ್ಟು ಹೇಳುತ್ತದೆ. ಭಾವ ತಂತಿ ಬೆಸೆದು ಪೆಟ್ಟಿಗೆ ಜೋಡಿಸುತ್ತಾರೆ, ಅಕ್ಕ ಕೋಡ್ ಬರೆಯುತ್ತಾಳೆ, ನಾನು ಬಟ್ಟುಗಳನ್ನಿಟ್ಟು ತೂಗಿ ನೋಡಿ ಡಬ್ಬಿಗೆ ತುಂಬುತ್ತೇನೆ. ಮೊದಲನೆಯ ತಕ್ಕಡಿ ಮಾಡಿದ್ದು ಭಾವನ ತಾಯಿಗಾಗಿ. ಅವರನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಅತ್ತೆಯ ಕಣ್ಣು ಮೊದಲು ಮಂಜಾಗಿ, ಆಮೇಲೆ ಪೂರ್ತಿ ಹೋಯಿತು. ಕೇಕ್ ಮಾಡುವ ಹುಚ್ಚು ಮಾತ್ರ ಹೋಗಲಿಲ್ಲ.

ತಕ್ಕಡಿ ಕೊಳ್ಳಲಾಗದವರು ತಾವೇ ಮಾಡಿಕೊಳ್ಳಲಿ ಎಂದು ಅಕ್ಕ ಅದರ ಕೋಡನ್ನು ಆನ್‌ಲೈನಿನಲ್ಲಿ ಇಟ್ಟಿದ್ದಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆ ಜಾಗಕ್ಕೆ ರೆಪೊ ಎನ್ನುತ್ತಾರೆ. ಅಟ್ಟ ಇದ್ದ ಹಾಗೆ ಎಂದು ನಾನು ಅಂದುಕೊಂಡಿದ್ದೇನೆ. ಒಮ್ಮೆ ಮೇಲೆ ಹಾಕಿದರೆ ಅಕ್ಕನಿಗೆ ಅದರ ನೆನಪೇ ಇರುವುದಿಲ್ಲ.

ಆ ದಿನ ಫೋನ್ ಬಂತು. ಬೇರೆ ಊರಿನಲ್ಲಿ ಬ್ರೆಡ್ ಮಾಡಿ ಮಾರುವ ಹೆಂಗಸು. ಅವರಿಗೂ ಕಣ್ಣು ಕಾಣುವುದಿಲ್ಲ. ನಮ್ಮ ಕೋಡ್ ಇಳಿಸಿಕೊಂಡು ಅವರ ತಮ್ಮ ತಕ್ಕಡಿ ಜೋಡಿಸಿಕೊಟ್ಟಿದ್ದನಂತೆ. ಅಕ್ಕ ಸ್ಪೀಕರ್ ಹಾಕಿದಳು.

“ಅಲ್ರೀ, ನಿಮ್ಮ ತಕ್ಕಡಿ ನನ್ನ ಬೋಗುಣೀನೂ ಹಿಟ್ಟು ಅಂತಾನೇ ಲೆಕ್ಕ ಹಿಡಿಯತ್ತೆ. ಹಿಟ್ಟು ಸಾಲದೆ ಎಲ್ಲಾ ನೀರುನೀರು. ನಾನು ಮಾಡ್ತಿರೋದು ಬ್ರೆಡ್ ಅಲ್ಲ, ಗೋಡೆಗೆ ಪೋಸ್ಟರ್ ಅಂಟಿಸೋ ಅಂಟು!”

“ಅದು ಸರಿಹೋಗಿ ಎಷ್ಟೋ ಕಾಲ ಆಯ್ತಲ್ಲಮ್ಮ,” ಎಂದಳು ಅಕ್ಕ.

“ಎಲ್ಲಿ ಸರಿಹೋಯ್ತು?”

ಅಕ್ಕ ನಾಲಿಗೆ ಕಚ್ಚಿಕೊಂಡಳು. “ನನ್ನ ಕಂಪ್ಯೂಟರಲ್ಲಿ.”

“ನಿಮ್ಮ ಕಂಪ್ಯೂಟರಲ್ಲಿ ನಾನು ಬ್ರೆಡ್ ಮಾಡ್ತಿಲ್ವಲ್ಲಾ ತಾಯಿ.”

ಭಾವ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರುತ್ತಿದ್ದಾರೆ, ಬೇಗ ನೋಡಿ ಎಂದು ಆಕೆ ಹೇಳಿದಾಗ ನಗು ನಿಂತಿತು.

“ಹೊಸ ಕೋಡನ್ನ ಇವತ್ತೇ ಮೇಲೆ ಹಾಕ್ತೀನಿ,” ಎಂದು ಅಕ್ಕ ಫೋನ್ ಇಟ್ಟಳು.

ನನ್ನ ಕೈಯಲ್ಲಿದ್ದ ಬಟ್ಟು ನೆಲಕ್ಕೆ ಬಿತ್ತು. ಯಾಕೆಂದರೆ ಹೊಸ ಕೋಡಿನ ಜೊತೆ ನನ್ನ ದನಿ ಇತ್ತು.

ಹಳೆಯದರಲ್ಲಿ ಇದ್ದದ್ದು ಯಂತ್ರದ ದನಿ, ನೆಗಡಿಯಾದ ಗಂಡಸಿನಂತೆ. ಬೋಗುಣಿಯ ತೂಕ ಕಳೆಯುವುದನ್ನು ಅಕ್ಕ ಸೇರಿಸಿದಾಗ ಹೊಸ ವಾಕ್ಯಗಳು ಬೇಕಾದವು. ಆ ದನಿ ಕೊಟ್ಟ ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. “ಸದ್ಯಕ್ಕೆ ಎಲ್ಲಾನೂ ನೀನೇ ಹೇಳು ಪುಟ್ಟಿ, ಮನೆ ಮಟ್ಟಿಗೆ,” ಎಂದಳು ಅಕ್ಕ. ನಾನು ರಗ್ಗು ಹೊದ್ದುಕೊಂಡು, ಅಂಕಿಗಳನ್ನೂ ವಾಕ್ಯಗಳನ್ನೂ ಫೋನಿಗೆ ಪಿಸುಗುಟ್ಟಿದ್ದೆ. ಅಕ್ಕನ ಸದ್ಯ ಮುಗಿಯಲೇ ಇಲ್ಲ, ಅತ್ತೆಯ ತಕ್ಕಡಿ ಈಗಲೂ ನನ್ನ ದನಿಯಲ್ಲೇ ಮಾತಾಡುತ್ತದೆ. ಮಾರುವ ತಕ್ಕಡಿಗಳಿಗೆ ಮಾತ್ರ ಇವತ್ತಿಗೂ ಹಳೆಯ ಕೋಡು, ಹಳೆಯ ನೆಗಡಿ.

ಶಾಲೆಯಲ್ಲಿ ಪಾಠ ಜೋರಾಗಿ ಓದಲು ಎಬ್ಬಿಸಿದಾಗಲೆಲ್ಲ ನನ್ನ ದನಿ ನಡುವೆ ಒಡೆದು ಕೀರಲಾಗುತ್ತಿತ್ತು. ಹಿಂದಿನ ಬೆಂಚಿನವರು ಹಾಗೇ ಕೀರಲು ದನಿ ತೆಗೆದು ತೋರಿಸುತ್ತಿದ್ದರು. ಶಾಲೆ ಬಿಡಲು ಮನೆಯವರಿಗೆ ಬೇರೆ ಕಾರಣ ಕೊಟ್ಟೆ. ಈಗ ಆ ದನಿಯನ್ನು ಲೋಕಕ್ಕೆಲ್ಲ ಇಳಿಸಿಕೊಳ್ಳಲು ಕೊಡುವುದೇ?

“ಅಕ್ಕಾ, ನನ್ನದು ಬೇಡ,” ಎಂದೆ.

“ಏನು ಬೇಡ?”

“ದನಿ. ತೆಗೆದುಬಿಡು.”

“ಅಯ್ಯೋ, ಮ್ಯೂಟು ಮಾತಾಡಿತು!” ಎಂದರು ಭಾವ. ಅಕ್ಕ ಅವರ ಕಡೆ ನೋಡಿದ ನೋಟಕ್ಕೆ ಬೆಸೆಯುವ ಕಡ್ಡಿ ಹಿಡಿದು ತಂತಿಗಳ ಮೇಲೆ ಬಗ್ಗಿದರು.

ಅಕ್ಕ ನನ್ನನ್ನು ಒತ್ತಾಯಿಸಲಿಲ್ಲ. ಅದೇ ಅವಳ ಒಳ್ಳೆಯ ಗುಣ. “ಆಯ್ತು. ಹೊಸ ಕೋಡಿಗೆ ಹಳೇ ದನಿ ಕೂರಿಸ್ತೀನಿ. ಹೊಸ ವಾಕ್ಯ ಬರೋ ಕಡೆ ಸುಮ್ಮನಿರತ್ತೆ, ಅಷ್ಟೇ,” ಎಂದಳು. ಆಮೇಲೆ ಹೊಸ ಕೋಡು ಯಾವುದೆಂದು ಹುಡುಕತೊಡಗಿದಳು. ಅವಳ ಕಂಪ್ಯೂಟರಿನಲ್ಲಿ ‘ಕೊನೆಯದು’, ‘ನಿಜವಾದ ಕೊನೆಯದು’, ‘ಇದೇ ಕೊನೆಯದು ಮುಟ್ಟಬೇಡಿ’ ಎಂದು ಮೂರು ಫೋಲ್ಡರುಗಳಿದ್ದವು.

“ಮುಟ್ಟಬೇಡಿ ಅಂತ ಯಾರಿಗೆ ಬರೆದೆ?” ಎಂದರು ಭಾವ.

“ನನಗೇ,” ಎಂದಳು ಅಕ್ಕ. ಹುಡುಕುತ್ತಿದ್ದ ಕೋಡು ಇದ್ದದ್ದು ಅದರಲ್ಲೇ.

ದನಿ ಬದಲಾಯಿಸಿ, ಅಡುಗೆಮನೆಯ ತಕ್ಕಡಿಗೆ ಹಾಕಿ, ನೋಡಿ ಎಂದು ಅತ್ತೆಗೆ ಕೊಟ್ಟಳು. ಅತ್ತೆ ಏಪ್ರನ್ ಕಟ್ಟಿಕೊಂಡೇ ಕಾಯುತ್ತಿದ್ದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

ಅತ್ತೆ ಬೋಗುಣಿ ಇಟ್ಟರು. ನೆಗಡಿ ದನಿ ಅದರ ತೂಕ ಹೇಳಿತು. ಅತ್ತೆ ಗುಂಡಿ ಒತ್ತಿದರು. ತೂಕ ಕಳೆದಿದೆ, ಈಗ ಹಿಟ್ಟು ಹಾಕಿ ಎಂದು ಹೇಳಬೇಕಾದ ಜಾಗ ಅದು. ತಕ್ಕಡಿ ಏನೂ ಹೇಳಲಿಲ್ಲ. ಅತ್ತೆಯ ಕೈಯಲ್ಲಿ ಹಿಟ್ಟು ತುಂಬಿದ ಸೌಟು ಹಾಗೇ ನಿಂತಿತ್ತು. ತಲೆ ಒಂದು ಬದಿಗೆ ವಾಲಿತು. ಅವರು ಕಾದರು. ಇನ್ನೊಮ್ಮೆ ಗುಂಡಿ ಹುಡುಕಿ ಒತ್ತಿ, ಮತ್ತೆ ಕಾದರು. ಸೌಟಿನ ಅಂಚಿನಿಂದ ಹಿಟ್ಟು ಏಪ್ರನ್ ಮೇಲೆ ಉದುರುತ್ತಿತ್ತು, ಅದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಹೀಗೆ ದಿಕ್ಕುತೋಚದೆ ನಿಂತದ್ದನ್ನು ನಾನು ಕಂಡಿರಲಿಲ್ಲ. ದೂರದ ಊರಿನ ಬ್ರೆಡ್ ಹೆಂಗಸೂ ಹೀಗೇ ನಿಲ್ಲುತ್ತಾರೆ ಎನ್ನಿಸಿತು.

“ಬೋಗುಣಿಯ ತೂಕ ಕಳೆದಿದೆ. ಈಗ ಹಿಟ್ಟು ಹಾಕಿ,” ಎಂದುಬಿಟ್ಟೆ. ದನಿ ನಡುವೆ ಒಡೆಯಿತು.

“ಇಷ್ಟೊತ್ತು ಎಲ್ಲಿ ಸತ್ತಿದ್ದೆ?” ಎಂದು ಅತ್ತೆ ತಕ್ಕಡಿಯನ್ನೇ ಗದರಿಸಿ ಸೌಟನ್ನು ಬೋಗುಣಿಗೆ ಬಗ್ಗಿಸಿದರು. ಆಮೇಲೆ ಮುಖ ಬಾಗಿಲ ಕಡೆ ತಿರುಗಿತು. “ಪುಟ್ಟಿ, ಅಲ್ಲಿದ್ದೀಯ? ಇದರ ಬಾಯಿಗೆ ಏನಾಯ್ತು?”

“ನನ್ನ ದನಿ ಬೇಡ ಅಂತ ನಾನೇ ತೆಗೆಸಿದೆ ಅತ್ತೆ.”

“ಚೆನ್ನಾಯ್ತು! ಈ ಮನೇಲಿ ನೀನು ನನ್ನ ಜೊತೆ ಮಾತಾಡೋದೇ ತಕ್ಕಡೀಲಿ. ಅದನ್ನೂ ತೆಗೆಸಿಬಿಟ್ಯಾ?”

ನನಗೆ ನಗುವೂ ಬಂತು, ಇನ್ನೇನೋ ಕೂಡ. ತೂಗಿದ್ದನ್ನು ತಟ್ಟೆಯಲ್ಲೇ ಮರೆತರೆ ತಕ್ಕಡಿ “ದಯವಿಟ್ಟು ತಟ್ಟೆ ಖಾಲಿ ಮಾಡಿ” ಎನ್ನುತ್ತದೆ. ಆಗೆಲ್ಲ ಅತ್ತೆ “ಆಯ್ತಮ್ಮ ಆಯ್ತು, ಮಾಡ್ತೀನಿ” ಎನ್ನುತ್ತಿದ್ದರಲ್ಲ. ಅವರು ತಮಾಷೆಗೆ ಯಂತ್ರಕ್ಕೆ ಉತ್ತರ ಕೊಡುತ್ತಾರೆ ಎಂದುಕೊಂಡಿದ್ದೆ.

ಕಂಪ್ಯೂಟರಿನ ಕೋಣೆಗೆ ಹೋಗಿ, “ವಾಪಸ್ ಹಾಕು,” ಎಂದೆ ಅಕ್ಕನಿಗೆ. ಅವಳು ಯಾಕೆ ಎಂದು ಕೇಳಲಿಲ್ಲ. ಅದೂ ಒಳ್ಳೆಯ ಗುಣವೇ.

ನನ್ನ ದನಿ ಕೂರಿಸಿ ಕಳಿಸಲು ಹೋದರೆ ರೆಪೊ ಬೇಡ ಎಂದಿತು. ಮೇಲೆ ಇರುವ ಒಂದು ಬದಲಾವಣೆ ನಿಮ್ಮ ಹತ್ತಿರ ಇಲ್ಲ ಎಂಬ ಸಂದೇಶ ಬಂತು.

“ನಾನು ಅದನ್ನ ಮುಟ್ಟಿ ಕಾಲವಾಯ್ತು. ಯಾರು ಬದಲಾಯಿಸಿದ್ದು?” ಎಂದಳು ಅಕ್ಕ. ಭಾವ ಸೂರು ನೋಡತೊಡಗಿದರು. ತೆರೆದು ನೋಡಿದರೆ ತಕ್ಕಡಿಯ ಪರಿಚಯದ ಕೆಳಗೆ ಒಂದು ಸಾಲು ಸೇರಿತ್ತು. ‘ಪೆಟ್ಟಿಗೆ ಮಾಡಿದವರು ನೋಡಲು ಬಹಳ ಲಕ್ಷಣವಾಗಿದ್ದಾರೆ.’

“ನೋಡಲು? ಕಣ್ಣು ಕಾಣದವರ ತಕ್ಕಡಿಗೆ?” ಎಂದಳು ಅಕ್ಕ. “ನನ್ನ ಕೋಡನ್ನ ಬಲವಂತವಾಗಿ ಮೇಲೆ ತಳ್ಳಿದ್ರೆ ನಿಮ್ಮ ಲಕ್ಷಣ ಎಲ್ಲಾ ಅಳಿಸಿಹೋಗತ್ತೆ. ತಳ್ಳಲಾ?”

“ಬೇಡ ತಾಯಿ, ಅದೊಂದು ಇರಲಿ. ಮನೇಲಂತೂ ಯಾರೂ ಹೇಳಲ್ಲ.”

ಅಕ್ಕ ನಿಟ್ಟುಸಿರು ಬಿಟ್ಟು ಆ ಸಾಲನ್ನು ಕೆಳಗೆ ಇಳಿಸಿ, ಹೊಸ ಕೋಡಿಗೆ ಸೇರಿಸಿಕೊಂಡಳು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ನನ್ನ ಕಡೆ ನೋಡಿದಳು. “ನೀನೇ ಒತ್ತು.”

ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಒತ್ತಿದೆ. ಪರದೆಯ ಮೇಲೆ ಸಣ್ಣ ಅಕ್ಷರಗಳು ಸರಸರ ಓಡಿ ನಿಂತವು. ಅಷ್ಟೇ. ಬೀದಿಯಲ್ಲಿ ಯಾರೂ ಕೀರಲು ದನಿ ತೆಗೆದು ತೋರಿಸಲಿಲ್ಲ.

ಮರುದಿನ ಬ್ರೆಡ್ ಹೆಂಗಸಿನ ಫೋನ್ ಬಂತು. ತಮ್ಮ ಬೆಳಗ್ಗೆಯೇ ಹೊಸ ಕೋಡ್ ಹಾಕಿಕೊಟ್ಟನಂತೆ. “ಹಿಟ್ಟು ಹದವಾಗಿ ಬಂತು ಕಣ್ರೀ! ಆ ಹುಡುಗಿ ಯಾರು? ಪಕ್ಕದಲ್ಲೇ ನಿಂತು ಹೇಳಿದ ಹಾಗಿದೆ. ತಡೀರಿ, ಕೇಳಿಸ್ತೀನಿ.”

ಫೋನನ್ನು ಎಲ್ಲೋ ಕುಕ್ಕಿ ಇಟ್ಟ ಸದ್ದಾಯಿತು. ಬೋಗುಣಿ ಟಣ್ ಎಂದಿತು. ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಭಾವ ಬೆಸೆಯುವ ಕಡ್ಡಿ ಕೆಳಗಿಟ್ಟರು. ನನ್ನ ದನಿ ಬೋಗುಣಿಯ ತೂಕ ಹೇಳಿತು, ಕಳೆಯಿತು, ಹಿಟ್ಟು ಕೇಳಿತು, ಗ್ರಾಂ ಎಣಿಸಿತು. ಅಷ್ಟರಲ್ಲಿ ಆಕೆ “ಅಯ್ಯೋ, ಒಲೆಯಲ್ಲಿ ಬ್ರೆಡ್!” ಎಂದು ಕೂಗಿದ್ದು ಕೇಳಿಸಿತು. ಹೆಜ್ಜೆಗಳು ದೂರವಾದವು. ಎಲ್ಲೋ ಬಾಗಿಲು ಬಡಿಯಿತು.

ಯಾರೂ ಇಲ್ಲದ ಆ ಅಡುಗೆಮನೆಯಲ್ಲಿ ನಾನೊಬ್ಬಳೇ ಉಳಿದೆ.

“ದಯವಿಟ್ಟು ತಟ್ಟೆ ಖಾಲಿ ಮಾಡಿ,” ಎಂದೆ.