ಬಚ್ಚಲುಮನೆಯ ಒರಿಜಿನಲ್

ಮನೆಯಲ್ಲಿ ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲುಮನೆ ಅಳಿಯನಿಗೆ ಸೇರುತ್ತಿತ್ತು. ಅದು ಅತ್ತೆ ಮಾಡಿದ ಕಾನೂನು. ಕೊನೆಯವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ ಕೂಡಲೇ ಅವನು ಒಳಗೆ ನುಗ್ಗಿ ನೆಲ ಒರೆಸುತ್ತಿದ್ದ, ಗೋಡೆ ಒರೆಸುತ್ತಿದ್ದ, ಕಡೆಗೆ ನಲ್ಲಿಯ ಮೂಗನ್ನೂ ಒರೆಸುತ್ತಿದ್ದ. ಅವನು ಎರಕ ಹೊಯ್ಯುವ ರಾಳಕ್ಕೆ ನೀರಿನ ಪಸೆ ಸೋಕಿದರೆ ಸಾಕು, ಉಕ್ಕಿದ ಹಾಲಿನ ಹಾಗೆ ನೊರೆ ಎದ್ದು ಕೆಟ್ಟುಹೋಗುತ್ತಿತ್ತು. ನೀರು ಕಂಡರಾಗದ ಕೆಲಸಕ್ಕೆ ಇಡೀ ಮನೆಯಲ್ಲಿ ಸಿಕ್ಕಿದ್ದು ಬಚ್ಚಲೊಂದೇ. ಮನೆ ಅಳಿಯನಾದವನು ಅದನ್ನೆಲ್ಲ ಕೇಳುವ ಹಾಗಿಲ್ಲ.

ಅವನು ಮಾಡುತ್ತಿದ್ದದ್ದು ಹಳೇ ಜೀಪುಗಳ ಪ್ಲಾಸ್ಟಿಕ್ ಬಿಡಿಭಾಗ. ಆ ಜೀಪುಗಳನ್ನು ಮಾಡಿದ ಕಂಪನಿ ಯಾವ ಕಾಲದಲ್ಲೋ ಅವುಗಳ ಕೈಬಿಟ್ಟಿತ್ತು. ಎಂಜಿನ್ನು ಗುಂಡುಕಲ್ಲಿನ ಹಾಗಿದ್ದರೂ ನಾಬು, ಬಟನ್ನು, ಮುಚ್ಚಳ ಮುರಿದುಕೊಂಡು ಊರೂರಲ್ಲಿ ಪರದಾಡುವವರಿದ್ದರು. ಅವರಲ್ಲಿ ಯಾರಾದರೊಬ್ಬರು ಮುರಿಯದ ಒಂದು ತುಂಡನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದರೆ, ಅವನು ಅದರ ಸುತ್ತ ರಬ್ಬರು ಹೊಯ್ದು ಅಚ್ಚು ತೆಗೆದು, ಅಚ್ಚಿಗೆ ಕಪ್ಪು ಬಣ್ಣ ಕಲಸಿದ ರಾಳ ಸುರಿದು ಅದರ ತದ್ರೂಪು ಹುಟ್ಟಿಸುತ್ತಿದ್ದ. ಗುಳ್ಳೆ ಕೂರದಿರಲೆಂದು ಅಚ್ಚನ್ನು ಅತ್ತೆಯ ಹಳೇ ಕುಕ್ಕರಿನೊಳಗಿಟ್ಟು ಸೈಕಲ್ ಪಂಪಿನಿಂದ ಗಾಳಿ ತುಂಬುವನು. ಗಾಳಿ ಹೆಚ್ಚಾದರೆ ಕುಕ್ಕರು ಬಚ್ಚಲಿನಿಂದ ಸೀಟಿ ಹೊಡೆಯುವುದು. ಪಕ್ಕದ ಮನೆಯವರು ಮೊದಮೊದಲು ಬೇರೆಯೇ ಏನೋ ಅಂದುಕೊಂಡಿದ್ದರು.

ಮುಂಚೆ ಅವನು ಬಕೆಟ್ ಫ್ಯಾಕ್ಟರಿಯಲ್ಲಿದ್ದ. ದಿನವಿಡೀ ಒಂದೇ ಬಣ್ಣದ, ಒಂದೇ ಮುಖದ ಬಕೆಟ್ಟುಗಳು ಉದುರುವುದನ್ನು ನೋಡುತ್ತ ನಿಂತಿರುವುದೇ ಅವನ ಕೆಲಸ. ಫ್ಯಾಕ್ಟರಿ ಬಾಗಿಲು ಹಾಕಿತು, ಅವನು ಹೆಂಡತಿಯ ತವರಿಗೆ ಬಂದು ಬಿದ್ದ. ಆದರೆ ಅಚ್ಚನ್ನು ಸೀಳಿ, ಒಳಗಿಂದ ಮೊದಲ ನಾಬು ಹೊಳೆಯುತ್ತ ಕೈಗೆ ಬಂದ ದಿನ ಅವನಿಗೆ ತನ್ನ ಕೈ ತನ್ನದೇ ಅನ್ನಿಸಿತ್ತು. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಅವನು ಮಾತಿನಲ್ಲಿ ಕಡುಬಡವ.

ಬೀದಿಯವರೆಲ್ಲ ಮಾವನನ್ನು ಹಿಂದಿನಿಂದ ‘ಒರಿಜಿನಲ್ಲು’ ಎಂದು ಕರೆಯುತ್ತಿದ್ದರು. ಜಮೀನು ಅಳೆಯುವ ಕಚೇರಿಯಲ್ಲಿ ಡ್ರೈವರಾಗಿದ್ದ ಅವರು, ತಾವು ಓಡಿಸಿದ ಜೀಪನ್ನೇ ಹರಾಜಿನಲ್ಲಿ ಹಿಡಿದು ಮನೆಗೆ ತಂದಿದ್ದರು. ಮನೆಗೆ ಯಾರೇ ಬಂದರೂ ಕಾಫಿಗೆ ಮುಂಚೆ ಜೀಪಿನ ದರ್ಶನ. “ಒಂದು ಸ್ಕ್ರೂ ಕೂಡ ಆಚೇದಲ್ಲ. ಎಲ್ಲ ಕಂಪನೀದು, ಒರಿಜಿನಲ್ಲು!” ಅಂಥವರಿಗೆ ಸಿಕ್ಕಿದ್ದು ಡೂಪ್ಲಿಕೇಟ್ ಮಾಡುವ ಅಳಿಯ. ಮದುವೆಯಲ್ಲಿ ಕೈ ಮುಗಿದು ಮಾತಾಡಿಸಿದ್ದೇ ಕೊನೆ, ಆಮೇಲೆ ಅವರು ಅವನೊಂದಿಗೆ ನೇರ ಮಾತಾಡಿರಲಿಲ್ಲ.

“ನಿನ್ನ ಗಂಡನಿಗೆ ಹೇಳಮ್ಮ, ಆ ಅಂಟು ಕೈ ಇಟ್ಕೊಂಡು ಜೀಪಿನ ಹತ್ರ ಸುಳಿಯೋದು ಬೇಡ ಅಂತ.”

“ಅಪ್ಪಾ, ಅವರು ನಿಮ್ಮ ಎದುರಿಗೇ ಕೂತಿದಾರೆ. ನೀವೇ ಹೇಳಿ,” ಎಂದಳು ಮಗಳು.

“ಗೊತ್ತು. ಕೇಳಿಸ್ಲಿ ಅಂತಾನೇ ನಿನಗೆ ಹೇಳ್ತಿರೋದು.”

ಹಳೇ ಜೀಪುಗಳ ಕೂಟದವರು ಪರೀಕ್ಷೆಗೆ ಬರುತ್ತೇವೆಂದು ಹೇಳಿ ಕಳಿಸಿದ್ದೇ ತಡ, ಮಾವ ಊಟದ ಹೊತ್ತಿನಲ್ಲಿ ತೀರ್ಪು ಕೊಟ್ಟರು. ಪಾಸಾದ ಗಾಡಿಗೆ ಕೂಟದವರು ‘ಪೂರ್ತಿ ಒರಿಜಿನಲ್’ ಎಂದು ಕೆತ್ತಿದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು.

“ಅಂಥಾ ಬಿಲ್ಲೆ ಇರೋ ಮನೇಲಿ ಡೂಪ್ಲಿಕೇಟ್ ದಂಧೆ ನಡೆದ್ರೆ ಜನ ಬಾಯಲ್ಲಿ ನಗ್ತಾರಾ? ಪರೀಕ್ಷೆ ಮುಗಿದ ಮಾರನೇ ದಿನ ಒಂದು ಡಬ್ಬಿನೂ ಇಲ್ಲಿರಕೂಡದು. ನಮ್ಮಣ್ಣನ ಮಗನ ಪೇಂಟ್ ಅಂಗಡೀಲಿ ಡಬ್ಬ ಅಲ್ಲಾಡಿಸೋಕೆ ಆಳು ಬೇಕಂತೆ. ನಿನ್ನ ಗಂಡನಿಗೆ ಹೇಳು.”

ಅಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಮತ್ತೆ ದಿನವಿಡೀ ನಿಂತುಕೊಂಡು, ಇನ್ಯಾರದೋ ಡಬ್ಬ!

ಮಾರನೇ ದಿನವೇ ಹೆಂಡತಿ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿದಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ.

“ರೀ, ನಗಬಾರದು.”

“ಇಲ್ಲ.”

“ನನ್ನಾಣೆ?”

“ನಿನ್ನಾಣೆ.”

ಸೆರಗಿನ ಮರೆಯಿಂದ ಅವಳು ಜೀಪಿನ ಗೇರ್ ನಾಬು ತೆಗೆದಳು. ಅದರ ಮೇಲಿನ ಕಪ್ಪು ಬಣ್ಣ ಒಂದೆಡೆ ಚಕ್ಕೆ ಎದ್ದು ಒಳಗಿನ ನಸುಗೆಂಪು ಇಣುಕುತ್ತಿತ್ತು.

“ಇದೇನಿದು, ಒಸಡಿದ್ದ ಹಾಗಿದೆ?”

“ಒಸಡೇ. ಹಲ್ಲು ಸೆಟ್ ಮಾಡೋ ಸಾಮಾನು. ಮದುವೆಗೆ ಮುಂಚೆ ಅಪ್ಪ ಮಲಗಿದ್ದಾಗ ಜೀಪು ಕಲಿಯೋಕೆ ಹೋಗಿ ಮುರಿದೆ. ಕ್ಲಿನಿಕ್ಕಿನಲ್ಲೇ ಮಾಡಿಸಿ ಬಣ್ಣ ಬಳಿದು ಸಿಕ್ಕಿಸಿದ್ದೆ. ಪರೀಕ್ಷೆಯವನು ಉಗುರಲ್ಲಿ ಕೆರೆದ್ರೆ ಅಪ್ಪನ ಮಾನ ಹೋಗುತ್ತೆ. ಸರಿಯಾಗಿ ಒಂದು ಮಾಡ್ಕೊಡಿ. ಯಾರಿಗೂ ಹೇಳ್ಬೇಡಿ, ಅಮ್ಮಂಗಂತೂ ಬೇಡವೇ ಬೇಡ.”

ಅಂದರೆ ಮಾವ ಇಷ್ಟು ಕಾಲ ಒಸಡು ಹಿಡಿದುಕೊಂಡು ಗೇರು ಬದಲಾಯಿಸುತ್ತಿದ್ದರು. ಆಣೆ ಇಟ್ಟದ್ದರಿಂದ ಅಳಿಯ ನಗಲಿಲ್ಲ. ಹೊಟ್ಟೆ ಮಾತ್ರ ಕುಲುಕಿತು.

ಮಧ್ಯಾಹ್ನ ಅತ್ತೆ ಬಂದರು, ತುಂಬಿದ ಕೊಡ ಮನೆಯಲ್ಲೇ ಇದ್ದರೂ ಕೈಯಲ್ಲಿ ಖಾಲಿ ಚೊಂಬು.

“ಅಳಿಯಂದ್ರೇ, ನಿಮ್ಮ ಹೊಟ್ಟೇಲೇ ಇಟ್ಕೋಬೇಕು,” ಎಂದು ಸೊಂಟದಿಂದ ಒಂದು ಗುಬಟು ತೆಗೆದರು. ಜೀಪಿನ ಚೋಕ್ ನಾಬು. ಅವನು ತಿರುಗಿಸಿ ನೋಡಿದ. ತಲೆಗೆ ಹಚ್ಚುವ ಎಣ್ಣೆ ಶೀಸೆಯ ಮುಚ್ಚಳ!

“ತರಕಾರಿ ಚೀಲ ನೇತು ಹಾಕಿದ್ದೆ. ಕುಂಬಳಕಾಯಿ ಇತ್ತು, ಲಟಕ್ ಅಂತು. ನಿಮ್ಮ ಮಾವನ ಮೀಸೆಗೆ ಬಣ್ಣ ಹಚ್ಚಿದಾಗೆಲ್ಲ ಉಳಿದಿದ್ದನ್ನ ಇದಕ್ಕೂ ಒಂದು ಕೈ ಹಚ್ತೀನಿ. ಮೀಸೇನೂ ಬೆಳ್ಳಗಾಗಿಲ್ಲ, ಇದೂ ಬೆಳ್ಳಗಾಗಿಲ್ಲ. ಆದ್ರೂ ಮೂಸಿ ನೋಡಿದ್ರೆ ಎಣ್ಣೆ ವಾಸನೆ ಬರುತ್ತಲ್ಲ.”

“ಆಗಲಿ ಅತ್ತೆ.”

“ಮಗಳಿಗೆ ಗೊತ್ತಾಗ್ಬಾರದು. ಅವಳ ಬಾಯಲ್ಲಿ ಮಾತು ನಿಲ್ಲಲ್ಲ.”

ಒಂದೆರಡು ದಿನ ಕಳೆದಿರಬೇಕು, ಬಾಗಿಲು ಮೆಲ್ಲನೆ ಸರಿಯಿತು. ಟವಲು ಹೆಗಲಿಗೆ ಹಾಕಿಕೊಂಡು ಮಾವ ನಿಂತಿದ್ದರು. ಬೆಳಿಗ್ಗೆಯೇ ಅವರ ಸ್ನಾನ ಆಗಿತ್ತು. ಒಳಗೆ ಬಂದು ಚಿಲಕ ಹಾಕಿ, ನಲ್ಲಿಯನ್ನು ದಿಟ್ಟಿಸುತ್ತ, “ಏನಪ್ಪಾ,” ಎಂದರು.

ಅಳಿಯ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

“ನಿನಗೇ ಹೇಳ್ತಿರೋದು.” ಅವರು ಟವಲು ಬಿಚ್ಚಿದರು. ಒಳಗೆ ಸ್ಟೀರಿಂಗಿನ ನಡುವೆ ಕೂರುವ ಹಾರನ್ ಬಟನ್ನು ಇತ್ತು. ಬಟನ್ನೆಂದರೆ ಬಟನ್ನಲ್ಲ, ಷೂ ಪಾಲಿಷ್ ಡಬ್ಬಿಯ ಮುಚ್ಚಳ, ಅಂಚು ಉಜ್ಜಿ ಕೂರಿಸಿದ್ದು. “ದಾರೀಲಿ ಎಮ್ಮೆ ಮಲಗಿತ್ತು. ಹಾರನ್ ಹೊಡೆದೆ, ಏಳಲಿಲ್ಲ. ಸಿಟ್ಟಲ್ಲಿ ಮುಷ್ಟಿ ಕಟ್ಟಿ ಗುದ್ದಿದೆ. ಆಗಲೂ ಎಮ್ಮೆ ಏಳಲಿಲ್ಲ, ಬಟನ್ನು ಎರಡು ಹೋಳಾಯ್ತು. ನಿಮ್ಮತ್ತೆಗೆ ಗೊತ್ತಾದ್ರೆ ಮುಗೀತು. ಒರಿಜಿನಲ್ಲು ಒರಿಜಿನಲ್ಲು ಅಂತ ಅವಳ ತಲೆ ತಿಂದವನು ನಾನು.”

“ಮಾಡ್ಕೊಡ್ತೀನಿ ಮಾವ. ಅಂದ್ಹಾಗೆ ನನ್ನ ಡಬ್ಬಿಗಳು...”

“ಅದು ಬೇರೆ ವಿಷಯ, ಇದು ಬೇರೆ ವಿಷಯ,” ಎಂದು ಮಾವ ಮುಖಕ್ಕೆ ನೀರು ಚಿಮುಕಿಸಿಕೊಂಡು, ಸ್ನಾನ ಮಾಡಿದವರ ಹಾಗೆ ಉಸ್ಸೆನ್ನುತ್ತ ಹೊರಟುಹೋದರು.

ಊರೂರವರು ಮುಂಚೆ ಕಳಿಸಿದ್ದ ತುಂಡುಗಳಿಂದ ತೆಗೆದ ಅಚ್ಚುಗಳು ಅಳಿಯನ ಹತ್ತಿರ ಇದ್ದವು. ಮೂರೂ ತುಂಡುಗಳನ್ನು ಒಂದೇ ಸಲ ಕಲಸಿದ ರಾಳದಲ್ಲಿ ಎರಕ ಹೊಯ್ದ. ಕಪ್ಪು ಅಂದರೆ ಒಂದೇ ಕಪ್ಪಲ್ಲ. ಬೇರೆ ಬೇರೆ ಕಲಸಿದರೆ ಒಂದು ನೀಲಿಗೆ ವಾಲುತ್ತದೆ, ಇನ್ನೊಂದು ಕಂದಿಗೆ. ಒಂದಕ್ಕೊಂದು ಒಪ್ಪಲಿ ಎಂದು ಒಂದೇ ಬಟ್ಟಲಿನಿಂದ ಸುರಿದ. ಒಬ್ಬೊಬ್ಬರೂ ಇನ್ನಿಬ್ಬರ ಕಣ್ಣು ತಪ್ಪಿಸಿ ಕಾವಲು ನಿಂತಿದ್ದಾಗ ಒಂದೊಂದನ್ನೇ ಜೀಪಿಗೆ ಕೂರಿಸಿದ. ತಾನು ಒಂದು ಮಾತು ಬಾಯಿ ಬಿಟ್ಟರೆ ಈ ಮನೆಯ ಒರಿಜಿನಲ್ಲೆಲ್ಲ ಒಂದೇ ಏಟಿಗೆ ಉರುಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಮೂವರಿಗೂ ಮಾತು ಕೊಟ್ಟಿದ್ದನಲ್ಲ. ಪೇಂಟ್ ಅಂಗಡಿ ಎಲ್ಲಿದೆ, ಯಾವ ಬಸ್ಸು ಹೋಗುತ್ತದೆ ಎಂದು ಹೆಂಡತಿಯನ್ನು ಕೇಳಿ ಇಟ್ಟುಕೊಂಡ.

ಪರೀಕ್ಷೆಗೆ ಬಂದವರು ಗಡಿಯಾರ ರಿಪೇರಿ ಅಂಗಡಿಯವರು. ಸೊರಗಿದ ಮನುಷ್ಯ, ಆದರೆ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡರೆಂದರೆ ಜೀಪೇ ನಡುಗಬೇಕು. ಅವರು ಗೇರ್ ನಾಬನ್ನು ಉಗುರಲ್ಲಿ ಕೆರೆದರು. ಹೆಂಡತಿ ಉಸಿರು ಬಿಗಿ ಹಿಡಿದಳು. ಚೋಕ್ ನಾಬನ್ನು ಮೂಸಿದರು. ಅತ್ತೆ ದೇವರ ಕಡೆ ನೋಡಿದರು. ಹಾರನ್ ಒತ್ತಿದರು, ಮಾವ ಬೆಚ್ಚಿಬಿದ್ದರು. ಕೊನೆಗೆ ಗಾಜು ತೆಗೆದು ನಿಟ್ಟುಸಿರು ಬಿಟ್ಟರು.

“ಚೆನ್ನಾಗಿಟ್ಟಿದೀರಿ ಯಜಮಾನ್ರೇ. ಆದ್ರೆ ಒಂದು ಡೂಪ್ಲಿಕೇಟು ಇದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಗಳ ಕಣ್ಣು ಗೇರಿಗೆ, ಅತ್ತೆಯದು ಚೋಕಿಗೆ, ಮಾವನದು ಸ್ಟೀರಿಂಗಿಗೆ ಹಾರಿತು.

“ಮೊದಲು ಅಡಿಭಾಗ ನೋಡ್ತೀನಿ, ಆಮೇಲೆ ಹೇಳ್ತೀನಿ,” ಎಂದು ಅವರು ಟಾರ್ಚು ಹಿಡಿದು ಜೀಪಿನ ಕೆಳಗೆ ತೂರಿಕೊಂಡರು. ಎರಡು ಪಾದ ಮಾತ್ರ ಹೊರಗೆ ಉಳಿದವು.

ಆ ಪಾದಗಳ ಮೇಲೆ ನಾಲ್ಕು ತಲೆಗಳು ಸೇರಿದವು.

“ಇದು ನಿನ್ನ ಗಂಡಂದೇ ಕಿತಾಪತಿ!” ಮಾವ ಪಿಸುಗುಟ್ಟಿದರು. “ನನ್ನ ಜೀಪು ಮುಟ್ಬೇಡ ಅಂದಿದ್ದೆ!”

“ಅವರ್ಯಾಕೆ ಮುಟ್ತಾರೆ? ನಾನು ಹೇಳಿದ್ದಕ್ಕೆ ಗೇರ್ ನಾಬು ಒಂದೇ...” ಮಗಳು ನಾಲಿಗೆ ಕಚ್ಚಿಕೊಂಡಳು.

“ಗೇರ್ ನಾಬಾ?” ಎಂದರು ಅತ್ತೆ. “ನಾನು ಚೋಕು ಒಂದೇ ಅಂದ್ಕೊಂಡಿದ್ನಲ್ಲೇ!”

“ಚೋಕಾ?” ಮಾವನ ಮೀಸೆ ನೆಟ್ಟಗಾಯಿತು. “ಏನೇ ಮಾಡಿದೀರಾ ತಾಯಿ ಮಗಳು ಸೇರ್ಕೊಂಡು? ಹೊಟ್ಟೇಲಿ ಹುಟ್ಟಿದ್ದಾ, ಶತ್ರುಗಳಾ?”

ಕೆಳಗಿನಿಂದ ದನಿ ಬಂತು. “ಏನಾದ್ರೂ ಹೇಳಿದ್ರಾ?”

“ಏನಿಲ್ಲ!” ಎಂದವು ನಾಲ್ಕೂ ಬಾಯಿ ಒಟ್ಟಿಗೆ.

ಅತ್ತೆ ಸೊಂಟಕ್ಕೆ ಕೈ ಕೊಟ್ಟರು. “ಅದಿರಲಿ ರೀ, ಆ ಹಾರನ್ ಬಟನ್ನು ಯಾಕೆ ಇವತ್ತು ಮದುಮಗನ ಥರ ಹೊಳೀತಿದೆ?”

ಮಾವ ಅಳಿಯನ ಮುಖ ನೋಡಿದರು. ಆ ನೋಟದಲ್ಲಿ ಡ್ರೈವರೂ ಇರಲಿಲ್ಲ, ಯಜಮಾನನೂ ಇರಲಿಲ್ಲ. ಗಾಜಿನ ಲೋಟ ಒಡೆದ ಹುಡುಗನಿದ್ದ.

“ನಾನು ಸೋಪು ಹಾಕಿ ತೊಳೆದೆ ಅತ್ತೆ,” ಎಂದ ಅಳಿಯ. “ಅಷ್ಟೇ.”

ಪಾದಗಳು ಮಿಸುಕಿ, ಹಿಂದೆಯೇ ಮನುಷ್ಯ ಹೊರಬಂದರು. ಧೂಳು ಕೊಡವಿ, ಒಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿದ್ದ ಚಿಕ್ಕ ಪೆಟ್ಟಿಗೆಯ ಹಿಡಿಯನ್ನು ಬೆರಳಿನಿಂದ ತಟ್ಟಿದರು. “ನೋಡಿ, ಇದು. ಗೇರು, ಚೋಕು, ಹಾರನ್ನು ಎಲ್ಲದರ ಕಪ್ಪೂ ಒಂದೇ. ಒಂದೇ ದಿನ ಕಂಪನೀಲಿ ಹುಟ್ಟಿದ ಹಾಗಿದೆ. ಇದೊಂದು ಮಾತ್ರ ಮಾಸಿದ ಬೂದಿ ಬಣ್ಣ. ಯಾರೋ ಬಚ್ಚಲಲ್ಲಿ ಕೂತು ಮಾಡಿದ ಮಾಲು. ಇಂಥಾ ಕಳಪೆ ಕೆಲಸ ಮಾಡೋನನ್ನ ಒದ್ದು ಓಡಿಸ್ಬೇಕು. ಇದನ್ನ ಕಿತ್ತು ಒರಿಜಿನಲ್ ಹಾಕಿ, ಬಿಲ್ಲೆ ಕೊಡ್ತೀನಿ.”

ಅಳಿಯನಿಗೆ ತಟ್ಟನೆ ಹೊಳೆಯಿತು. ಆ ಪೆಟ್ಟಿಗೆಗೆ ತುಕ್ಕು ಹಿಡಿದು ಮುಚ್ಚಳ ಅಂಟಿಕೊಂಡು ಎಷ್ಟೋ ವರ್ಷವಾಗಿತ್ತು. ತೆರೆಯಲಾಗದ್ದರಿಂದ ಯಾರೂ ಅದನ್ನು ಮುಟ್ಟಿರಲಿಲ್ಲ, ಮುಟ್ಟದ್ದರಿಂದ ಯಾರೂ ಮುರಿದಿರಲಿಲ್ಲ. ಕಂಪನಿಯ ಮಾಲು ಅಂತ ಜೀಪಿನಲ್ಲಿ ಉಳಿದಿದ್ದ ಪ್ಲಾಸ್ಟಿಕ್ಕು ಅದರ ಹಿಡಿಯೊಂದೇ. ಒಂದೇ ಬಟ್ಟಲಿನ ಕಪ್ಪು ಮೂರನ್ನೂ ಅಣ್ಣತಮ್ಮಂದಿರನ್ನಾಗಿ ಮಾಡಿ, ನಿಜವಾದ ಹಿರಿಯನನ್ನು ಮನೆಯಿಂದ ಹೊರಗೆ ಹಾಕಿತ್ತು.

ಮಾವ ಬಾಯಿ ಮುಚ್ಚಿಕೊಂಡಿದ್ದರೆ ಬಿಲ್ಲೆ ಬರುತ್ತಿತ್ತು. ಅತ್ತೆಯೂ ಮಗಳೂ ಅದನ್ನೇ ಕಣ್ಣಲ್ಲಿ ಬೇಡಿಕೊಂಡರು. ಆದರೆ ಒರಿಜಿನಲ್ಲನ್ನು ಡೂಪ್ಲಿಕೇಟು ಅಂದರೆ ಒರಿಜಿನಲ್ ಯಜಮಾನರು ಸುಮ್ಮನಿರುತ್ತಾರೆಯೇ?

“ಏನ್ರೀ ಅಂದ್ರಿ?” ಅವರು ಗುಡುಗಿದರು. “ಬಚ್ಚಲು ಮಾಲಾ ಅದು? ಈ ಜೀಪು ಕಚೇರಿಗೆ ಬಂದ ದಿನ ಅದನ್ನ ಹಿಡಿದು ತೆಗೆದವನು ನಾನು! ಅದೇ ರೀ ಒರಿಜಿನಲ್ಲು! ನೀವು ಒಂದೇ ದಿನ ಹುಟ್ಟಿದ್ದು ಅಂದ್ರಲ್ಲ, ಅವು ಬಚ್ಚಲು ಮಾಲು! ಗೇರು ಬಚ್ಚಲಿಂದು, ಚೋಕು ಬಚ್ಚಲಿಂದು, ಹಾರನ್ನೂ ಬಚ್ಚಲಿಂದೇ, ಹಾಳಾದ ಎಮ್ಮೆ! ಎಲ್ಲ ನಮ್ಮ ಅಳಿಯಂದ್ರು ಮಾಡಿದ್ದು. ಗಾಜು ಹಾಕ್ಕೊಂಡು ನೋಡಿದ್ರೂ ನಿಮಗೆ ಗೊತ್ತಾಗ್ಲಿಲ್ಲ. ಒದ್ದು ಓಡಿಸ್ತಾರಂತೆ, ಒದೀರಿ ನೋಡೋಣ!”

ಅತ್ತೆಗೆ ಎಮ್ಮೆಯ ವಿಷಯ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಗಡಿಯಾರದವರು ಮತ್ತೆ ಗಾಜು ಸಿಕ್ಕಿಸಿಕೊಂಡು ಗೇರ್ ನಾಬನ್ನು ಬಹಳ ಹೊತ್ತು ನೋಡಿದರು.

“ಹಾಗಾದ್ರೆ ಬಿಲ್ಲೆ ಕೊಡೋಕಾಗಲ್ಲ ಯಜಮಾನ್ರೇ.”

“ಬೇಡ. ಕಾಫಿ ಕುಡ್ಕೊಂಡು ಹೋಗಿ.”

ಅವರು ಕಾಫಿ ಕುಡಿದು ಹೋದರು. ಅತ್ತೆ ಎಮ್ಮೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡರು, ಎಣ್ಣೆ ಶೀಸೆಯ ಕಥೆಯನ್ನು ಅರ್ಧ ಮಾತ್ರ ಹೇಳಿದರು. ಮಗಳು ಒಸಡಿನ ವಿಷಯ ಬಿಚ್ಚಿದಾಗ ಮಾವ ತಮ್ಮ ಬಲ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಸಂಜೆ ಅಳಿಯ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದ. ಮನೆಯ ಗದ್ದಲದಲ್ಲಿ ತೀರ್ಪು ಬದಲಾಯಿತೋ ಇಲ್ಲವೋ ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಮಾವ ಬಚ್ಚಲ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಆ ಮಾಸಿದ ಹಿಡಿ.

“ಇದು ಎದ್ದು ಕಾಣುತ್ತೆ. ಮಿಕ್ಕಿದ್ದರ ಥರಾನೇ ಕಪ್ಪಗೆ ಒಂದು ಮಾಡಿ.”

“ಇದನ್ನ ತೆಗೆದುಬಿಡ್ತೀರಾ ಮಾವ? ಒರಿಜಿನಲ್ಲು ಇದೊಂದೇ ಉಳಿದಿರೋದು.”

“ಅದಕ್ಕೇ ಹೇಳ್ತಿರೋದು, ಜೋಪಾನ,” ಎಂದು ಮಾವ ಅದನ್ನು ಅವನ ಅಂಗೈಯಲ್ಲಿಟ್ಟು, ಚೀಲದಿಂದ ಒಂದು ಡಬ್ಬಿ ತೆಗೆದು ಹಲಗೆಯ ಮೇಲಿಟ್ಟರು. “ಊರೂರಿಂದ ಜನ ಕೇಳ್ತಾರೆ. ಅಚ್ಚಿಗೆ ಬೇಕಾಗುತ್ತಲ್ಲ.”